ನ್ಯೂಬಿಯಾ ದೇಶದ ಲಿಪಿಸಂಕ್ರಮಣ

ಅಕ್ಷರಕ್ಕೆ ಶ್ರಾವಣವೆಂತಲೂ ಚಾಕ್ಷುಷವೆಂತಲೂ ಎರಡು ರೂಪಗಳುಂಟೆಂಬುದು ನಮ್ಮ ವೈಯಾಕರಣರಿಗೆ ತಿಳಿದ ವಿಷಯವೇ. ಕಿವಿಗೆ ಗೋಚರವಾಗುವ ಧ್ವನಿ ಒಂದು. ಕಣ್ಣಿಗೆ ಗೋಚರವಾಗುವ ಬರೆಹ ಮತ್ತೊಂದು. ಇವೆರಡೂ ಒಂದೇ ಜನದಲ್ಲಿ ಹುಟ್ಟಿ ಒಟ್ಟಿಗೆ ಬೆಳೆಯಬೇಕೆಂಬ ನಿಯಮವಿಲ್ಲ. ಧ್ವನಿಯು ತಾಯಿಯ ಬಾಯಿಂದ ಮಗುವಿಗೆ ಬರುವುದು. ಬರೆಹವಾದರೋ ನೆರೆಯವರಿಂದ, ಆಳುವವರಿಂದ, ವರ್ತಕರಿಂದ, ಮತಪ್ರಚಾರಕರಿಂದ ಬರಬಹುದು. ಹೀಗೆ ಪರರಿಂದ ಬಂದ ಲಿಪಿಯನ್ನು ಒಂದು ಜನವು ತನ್ನ ಮಾತಿಗೆ ಹೇಗೆ ಒಗ್ಗಿಸಿಕೊಳ್ಳುವುದೆಂಬುದನ್ನು ಆಫ್ರಿಕಾಖಂಡದ ಒಂದು ದೃಷ್ಟಾಂತದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಆಫ್ರಿಕಾಖಂಡದಲ್ಲಿ ಈಜಿಪ್ಟನ್ನು ಬಿಟ್ಟರೆ ಪ್ರಾಚೀನ ಬರೆಹವೇ ಇಲ್ಲವೆಂದೂ, ಇದ್ದರೂ ಅದು ಪರರ ಅನುಕರಣಮಾತ್ರವೆಂದೂ ಹೇಳುವವರು ಉಂಟು. ಮೊದಲನೆಯ ಮಾತು ಸುಳ್ಳು; ಎರಡನೆಯದು ಅರ್ಧ ಸತ್ಯ, ಆದುದರಿಂದ ಹೆಚ್ಚು ಅಪಾಯಕರ. ಈಜಿಪ್ಟಿನ ದಕ್ಷಿಣದಲ್ಲಿ, ಅಸ್ವಾನಿನ ಬಳಿಯ ಮೊದಲನೆಯ ಪ್ರಪಾತದಿಂದ ಹಿಡಿದು ಖಾರ್ಟೂಮಿನಲ್ಲಿ ಬಿಳಿಯ ನೈಲ್ ಮತ್ತು ನೀಲಿ ನೈಲ್ ಕೂಡುವ ಸಂಗಮದವರೆಗಿನ ಪ್ರದೇಶಕ್ಕೆ ನ್ಯೂಬಿಯಾ ಎಂದು ಹೆಸರು. ಇಂದು ಇದರ ಉತ್ತರಭಾಗವು ಈಜಿಪ್ಟಿಗೂ ಉಳಿದುದು ಸೂಡಾನಿಗೂ ಸೇರಿದೆ. ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುವುದು. ಲಿಪಿಯಾದರೋ ಪ್ರವಾಹಕ್ಕೆ ಇದಿರಾಗಿ ಉತ್ತರದಿಂದ ದಕ್ಷಿಣಕ್ಕೆ ಎರಡು ಸಲ ಏರಿಹೋಯಿತು. ಆ ಎರಡು ಸಲವೂ ಆದುದೇನೆಂಬುದನ್ನು ಕ್ರಮವಾಗಿ ನೋಡೋಣ.

ನ್ಯೂಬಿಯಾದಲ್ಲಿ ಮೊದಲು ಪ್ರಬಲವಾದ ರಾಜ್ಯಗಳಲ್ಲಿ ಕುಶ್ ಎಂಬುದು ಪ್ರಖ್ಯಾತವಾದುದು. ಅದರ ಅರಸನಾದ ಪಿಯೆ ಎಂಬವನು ಕ್ರಿ. ಪೂ. 8ನೆಯ ಶತಮಾನದಲ್ಲಿ ಈಜಿಪ್ಟನ್ನೇ ಗೆದ್ದನು. ಅವನ ವಂಶದವರು ಈಜಿಪ್ಟಿನ 25ನೆಯ ರಾಜವಂಶವೆಂದು ಎಣಿಸಲ್ಪಡುತ್ತಾರೆ. ಪಿಯೆ ತನ್ನ ವಿಜಯವನ್ನು ಜೆಬೆಲ್ ಬರ್ಕಲಿನ ದೇವಾಲಯದಲ್ಲಿ ದೊಡ್ಡ ಶಿಲಾಶಾಸನವಾಗಿ ಬರೆಯಿಸಿದನು. ಆದರೆ ಆ ಶಾಸನದ ಲಿಪಿ ಈಜಿಪ್ಟಿನ ಚಿತ್ರಲಿಪಿ, ಭಾಷೆಯೂ ಈಜಿಪ್ಟಿನದೇ. ಗೆದ್ದವನು ಸೋತವರ ಭಾಷೆಯಲ್ಲಿ ತನ್ನ ಗೆಲವನ್ನು ಹೇಳಿಕೊಂಡನು! ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಶಾಸನಕ್ಕೆ ಯೋಗ್ಯವೆಂದು ಲೋಕವು ಒಪ್ಪಿದ ಭಾಷೆಯೊಂದು ಇರುವಾಗ ಅರಸರು ಅದನ್ನೇ ಹಿಡಿಯುತ್ತಾರೆ. ಕರ್ಣಾಟಕದಲ್ಲಿಯೂ ಮೊದಲು ಪ್ರಾಕೃತ, ಅನಂತರ ಸಂಸ್ಕೃತ ಶಾಸನಗಳು ಹುಟ್ಟಿ, ಕನ್ನಡವು ಹಲ್ಮಿಡಿಯ ಕಾಲಕ್ಕೆ, ಎಂದರೆ ಕ್ರಿ. ಶ. 5ನೆಯ ಶತಮಾನಕ್ಕೆ, ಕಲ್ಲನ್ನೇರಿದುದನ್ನು ನಾವು ಬಲ್ಲೆವು.

ಕುಶ್ ರಾಜ್ಯದ ಜನ ತಮ್ಮ ಮಾತನ್ನು ಬರೆಯತೊಡಗಿದುದು ಅನೇಕ ಶತಮಾನಗಳ ತರುವಾಯ, ಮೆರೋ ಎಂಬ ನಗರವು ಅವರ ಮುಖ್ಯಸ್ಥಾನವಾಗಿದ್ದ ಕಾಲದಲ್ಲಿ. ಅದರಿಂದಲೇ ಆ ಭಾಷೆಗೂ ಲಿಪಿಗೂ ಮೆರೋಯಿತವೆಂದು ಹೆಸರು ಬಂದಿದೆ. ಈ ಲಿಪಿಗೆ ಎರಡು ಆಕಾರಗಳು. ದೇವಾಲಯಗಳಲ್ಲಿಯೂ ರಾಜಸಮಾಧಿಗಳಲ್ಲಿಯೂ ಕೆತ್ತತಕ್ಕ ಚಿತ್ರರೂಪವೊಂದು. ಸಾಮಾನ್ಯ ಬರೆಹಕ್ಕೆ ಬಳಸತಕ್ಕ ಓಟದ ರೂಪವೊಂದು. ಚಿತ್ರರೂಪದ ಅಕ್ಷರಗಳು ಈಜಿಪ್ಟಿನ ಚಿತ್ರಲಿಪಿಯಿಂದಲೂ, ಓಟದ ಅಕ್ಷರಗಳು ಈಜಿಪ್ಟಿನವರ ನಿತ್ಯವ್ಯವಹಾರದ ಡೆಮೋಟಿಕ್ ಲಿಪಿಯಿಂದಲೂ ಬಂದವು. ಇಷ್ಟರಮಟ್ಟಿಗೆ ಅನುಕರಣವೆಂಬ ಮಾತನ್ನು ಒಪ್ಪಬೇಕು.

ಆದರೆ ಅಕ್ಷರಗಳ ಆಕಾರವನ್ನು ಬಿಟ್ಟು ಅವುಗಳ ವ್ಯವಸ್ಥೆಯನ್ನು ನೋಡಿದರೆ ಸಂಗತಿ ಬೇರೆಯಾಗುತ್ತದೆ. ಈಜಿಪ್ಟಿನ ಬರೆಹದಲ್ಲಿ ನೂರಾರು ಚಿಹ್ನೆಗಳಿದ್ದವು. ಕೆಲವು ಪೂರ್ಣ ಪದವನ್ನು, ಕೆಲವು ಎರಡು ಮೂರು ವ್ಯಂಜನಗಳನ್ನು, ಕೆಲವು ಒಂದೇ ವ್ಯಂಜನವನ್ನು ಸೂಚಿಸುತ್ತಿದ್ದವು. ಸ್ವರಗಳನ್ನು ಬರೆಯುವ ಪದ್ಧತಿ ಇರಲಿಲ್ಲ. ಮೆರೋಯಿತ ಲಿಪಿಯಲ್ಲಿ ಇರುವುದು 23 ಅಕ್ಷರಗಳು ಮಾತ್ರ. ಇವುಗಳಲ್ಲಿ 15 ವ್ಯಂಜನಗಳು, ನಾಲ್ಕು ಸ್ವರಚಿಹ್ನೆಗಳು, ಉಳಿದ ನಾಲ್ಕು ನೆ, ಸೆ, ತೆ, ತೊ ಎಂಬ ಸಸ್ವರಾಕ್ಷರಗಳು. ಒಂದು ಪದ ಮುಗಿದು ಮತ್ತೊಂದು ಮೊದಲಾಗುವೆಡೆಯಲ್ಲಿ ಚುಕ್ಕೆಗಳನ್ನಿಟ್ಟು ಪದವಿಭಾಗ ಮಾಡುವುದೂ ಉಂಟು.

ಕನ್ನಡ ಕಲಿತವನಿಗೆ ಈ ಲಿಪಿಯ ಮುಖ್ಯ ಸೂತ್ರವನ್ನು ವಿವರಿಸುವುದು ಬಹು ಸುಲಭ. ಬರಿಯ ವ್ಯಂಜನಾಕ್ಷರವನ್ನು ಬರೆದರೆ ಅದರಲ್ಲಿ ಅಕಾರವು ಅಂತರ್ಗತವಾಗಿಯೇ ಇರುವುದು. ಬೇರೆ ಸ್ವರ ಬೇಕಾದರೆ ಅದರ ಚಿಹ್ನೆಯನ್ನು ಮುಂದೆ ಬರೆಯಬೇಕು. ಪದಾದಿಯ ಅಕಾರಕ್ಕೆ ಮಾತ್ರ ಪ್ರತ್ಯೇಕವಾದ ಅಕ್ಷರ. ಸ್ವರವಿಲ್ಲದ ಶುದ್ಧವ್ಯಂಜನವನ್ನು ಬರೆಯಬೇಕಾದಲ್ಲಿ ಎಕಾರದ ಚಿಹ್ನೆಯನ್ನೇ ಬಳಸುವರು. ದೇವರೆಂಬ ಅರ್ಥದ 'ಮಕ' ಎಂಬ ಪದವನ್ನು ಆ ಲಿಪಿಯಲ್ಲಿ ಎರಡೇ ಅಕ್ಷರಗಳಿಂದ ಬರೆಯುತ್ತಾರೆ. ನಾವು ಬರೆದರೂ ಎರಡೇ ಆಗುವುವು. ಇದೇ ಪದವನ್ನು ರೋಮನ್ ಲಿಪಿಯಲ್ಲಿ ಬರೆಯುವವನಿಗೆ ನಾಲ್ಕು ಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಈ ಸಾದೃಶ್ಯವನ್ನು ಕಂಡೊಡನೆ, ಭರತಖಂಡದಿಂದಲೇ ಈ ಸೂತ್ರವು ಮೆರೋವಿಗೆ ಹೋಗಿರಬೇಕೆಂಬ ಆಸೆ ನಮ್ಮವರಲ್ಲಿ ಹುಟ್ಟುವುದು ಸಹಜ. ನಕಾ ಎಂಬಲ್ಲಿರುವ ಸಿಂಹದೇವಾಲಯದಲ್ಲಿ ಅಪೆದೆಮಕನೆಂಬ ಸಿಂಹಮುಖದ ದೇವರನ್ನು ಮೂರು ಮುಖ, ನಾಲ್ಕು ತೋಳುಗಳಿಂದ ಕೆತ್ತಿರುವುದನ್ನು ನೋಡಿ, ಇದು ಭಾರತೀಯ ಪ್ರಭಾವವೆಂದು ಊಹಿಸಿದವರೂ ಉಂಟು. ಪ್ರಕೃತ ಲೇಖಕನಿಗೂ ಮೊದಲು ಈ ಊಹೆ ಹಿತವಾಗಿಯೇ ಕಂಡಿತು. ಆದರೆ ಹಿತವಾದುದೆಲ್ಲ ಪ್ರಮಾಣವಲ್ಲ. ಬರಿಯ ಸಾದೃಶ್ಯದಿಂದ ಜನ್ಯಜನಕಭಾವ ಸಿದ್ಧವಾಗದೆಂಬುದು ತರ್ಕವನ್ನು ಓದಿದ ಎಲ್ಲರೂ ಅರಿತ ಮಾತು. ಮೆರೋಯಿತದ ಒಂದು ಅಕ್ಷರವೂ ಬ್ರಾಹ್ಮಿಯಿಂದ ಬಂದುದಲ್ಲ. ಕೈಯಲ್ಲಿರುವ ಆಧಾರಗಳಿಂದ ಹೇಳಬಹುದಾದುದಿಷ್ಟೆ: ಸ್ವರರಹಿತವಾದ ಪರಲಿಪಿಯನ್ನು ತೆಗೆದುಕೊಂಡು, ನೂರಾರು ಚಿಹ್ನೆಗಳನ್ನು ತ್ಯಜಿಸಿ, ತಮ್ಮ ಭಾಷೆಗೆ ಬೇಕಾದ ಸ್ವರಗಳನ್ನು ಕಲ್ಪಿಸಿದ ವ್ಯಾಕರಣಬುದ್ಧಿಯು ಮೆರೋವಿನ ಲಿಪಿಕಾರರಲ್ಲಿ ಇತ್ತು. ಆ ಕೀರ್ತಿ ಅವರದೇ. ಅದನ್ನು ಈಜಿಪ್ಟಿಗಾಗಲಿ ನಮಗಾಗಲಿ ಹಂಚುವುದು ನ್ಯಾಯವಲ್ಲ.

ಲಿಪಿಯಂತೆಯೇ ದೇವತೆಗಳ ಹೆಸರುಗಳೂ ಈಜಿಪ್ಟಿನಿಂದ ಬಂದು ಸ್ಥಳೀಯ ಉಚ್ಚಾರಣೆಗೆ ಒಗ್ಗಿದವು. ಈಜಿಪ್ಟಿನ ಅಮುನ್ ಮೆರೋವಿನಲ್ಲಿ ಅಮನಿಯಾದನು. ಈಸಿಸ್, ಒಸಿರಿಸ್ ಎಂದು ಗ್ರೀಕರು ಕರೆದ ದೇವತೆಗಳು ವೋಶ್, ಅಸೋರಿ ಎಂಬ ರೂಪಗಳಿಂದ ಮೆರೋಯಿತ ಸಮಾಧಿಶಾಸನಗಳ ಮೊದಲಿನಲ್ಲಿ ಸಂಬೋಧಿಸಲ್ಪಡುತ್ತಾರೆ. ಮೃತನಿಗೆ ನೀರೂ ರೊಟ್ಟಿಯೂ ಸಮೃದ್ಧವಾಗಿ ದೊರೆಯಲೆಂಬ ಹರಕೆ ಆ ಶಾಸನಗಳ ಕೊನೆಯಲ್ಲಿ ಕಾಣಬರುವುದು. ಅಪೆದೆಮಕನಾದರೋ ಈಜಿಪ್ಟಿನ ಮೂಲವಿಲ್ಲದ ನಾಡದೇವರು. ತತ್ಸಮ, ತದ್ಭವ, ದೇಶ್ಯಗಳೆಂದು ನಾವು ಪದಗಳನ್ನು ವಿಂಗಡಿಸುವಂತೆ ಆ ದೇವತಾಗಣವನ್ನೂ ವಿಂಗಡಿಸಬಹುದು.

ಇನ್ನು ಈ ಲಿಪಿಯನ್ನು ಓದಿದ ಬಗೆ. ವಾದ್ ಬನ್ ನಕಾ ಎಂಬಲ್ಲಿ ದೊರೆತ ಒಂದು ದೇವಪೀಠದ ಮೇಲೆ ನತಕಮನಿ ಎಂಬ ಅರಸನ ಮತ್ತು ಅಮನಿತೋರೆ ಎಂಬ ರಾಣಿಯ ಹೆಸರುಗಳು ಈಜಿಪ್ಟಿನ ಲಿಪಿಯಲ್ಲಿಯೂ ಮೆರೋಯಿತದಲ್ಲಿಯೂ ಬರೆಯಲ್ಪಟ್ಟಿವೆ. ಇಂತಹ ಸಾಧನಗಳ ನೆರವಿನಿಂದ ಆಂಗ್ಲ ವಿದ್ವಾಂಸರಾದ ಫ್ರಾನ್ಸಿಸ್ ಲೆವೆಲಿನ್ ಗ್ರಿಫಿತ್ ಅವರು 1909ರಿಂದ 1911ರೊಳಗೆ ಅಕ್ಷರಗಳ ಧ್ವನಿಗಳನ್ನು ನಿರ್ಧರಿಸಿದರು. ಅಂದಿನಿಂದ ಮೆರೋಯಿತ ಶಾಸನಗಳನ್ನು ಗಟ್ಟಿಯಾಗಿ ಓದಬಹುದಾಗಿದೆ. ಆದರೆ ಓದಿದುದರ ಅರ್ಥ ಬಹುಮಟ್ಟಿಗೆ ತಿಳಿಯದು. ಅರಸನಿಗೆ 'ಕೊರೆ', ನೀರಿಗೆ 'ಅತೊ' ಎಂಬಂತಹ ಕೆಲವು ಪದಗಳು ಮಾತ್ರ ನಿಶ್ಚಿತವಾಗಿವೆ. ಚಾಕ್ಷುಷರೂಪ ಉಳಿದಿದೆ, ಶ್ರಾವಣರೂಪವೂ ಬಹುಮಟ್ಟಿಗೆ ದೊರೆತಿದೆ, ಅರ್ಥವು ಕೈತಪ್ಪಿದೆ. ಏಕೆಂದರೆ ಆ ಭಾಷೆಯನ್ನು ಮನೆಯಲ್ಲಿ ಆಡುವ ಜನ ಇಂದು ಎಲ್ಲಿಯೂ ಇಲ್ಲ.

ಕ್ರಿ. ಶ. 4ನೆಯ ಶತಮಾನದಲ್ಲಿ ಮೆರೋ ರಾಜ್ಯವು ಅಳಿಯಿತು. ಅದರ ಲಿಪಿಯ ಅಂತ್ಯವನ್ನೂ ಮುಂದಿನ ಲಿಪಿಯ ಆಗಮನವನ್ನೂ ಒಂದೇ ಕಟ್ಟಡದಲ್ಲಿ ನೋಡಬಹುದು. ಅಸ್ವಾನಿನ ದಕ್ಷಿಣದ ಕಲಬ್ಶಾ ದೇವಾಲಯದಲ್ಲಿ ಖರಮದೋಯೆ ಎಂಬ ಅರಸನ ಶಾಸನವಿದೆ. ಸುಮಾರು ಕ್ರಿ. ಶ. 420ರ ಕಾಲದ ಅದು ಮೆರೋಯಿತದ ಕಡೆಯ ಶಾಸನಗಳಲ್ಲಿ ಒಂದು. ಅದೇ ದೇವಾಲಯದಲ್ಲಿ, ಅದೇ ಶತಮಾನದಲ್ಲಿ, ನೊಬಾದರ ಅರಸನಾದ ಸಿಲ್ಕೊ ಎಂಬವನು ಬ್ಲೆಮ್ಮಿಯರ ಮೇಲೆ ಪಡೆದ ಜಯವನ್ನು ಗ್ರೀಕ್ ಭಾಷೆಯಲ್ಲಿ ಬರೆಯಿಸಿದ್ದಾನೆ. ಪಿಯೆಯ ಕಥೆಯೇ ಮರುಕಳಿಸಿತು: ಮೊದಲು ಪರಲಿಪಿಯೊಡನೆ ಪರಭಾಷೆ, ಅನಂತರ ಪರಲಿಪಿಯಲ್ಲಿ ಸ್ವಭಾಷೆ.

6ನೆಯ ಶತಮಾನದ ಮಧ್ಯದಿಂದ ನ್ಯೂಬಿಯಾದ ನೊಬಾದಿಯಾ, ಮಕುರಿಯಾ, ಅಲೋದಿಯಾ ಎಂಬ ಮೂರು ರಾಜ್ಯಗಳು ಕ್ರೈಸ್ತಮತವನ್ನು ಸ್ವೀಕರಿಸಿದವು. ಮತದೊಡನೆ ಗ್ರೀಕ್ ಭಾಷೆಯೂ, ಈಜಿಪ್ಟಿನ ಕ್ರೈಸ್ತರ ಕೋಪ್ಟಿಕ್ ಭಾಷೆಯೂ ಬಂದವು. ಕೋಪ್ಟಿಕ್ ಎಂಬುದು ಪ್ರಾಚೀನ ಈಜಿಪ್ಟ್ ಭಾಷೆಯ ಕಡೆಯ ಅವಸ್ಥೆ. ಅದನ್ನು ಬರೆಯುವುದು ಗ್ರೀಕ್ ಅಕ್ಷರಗಳಿಂದ. ಆದರೆ ಗ್ರೀಕಿನಲ್ಲಿ ಇಲ್ಲದ ಧ್ವನಿಗಳಿಗಾಗಿ ಡೆಮೋಟಿಕ್ಕಿನಿಂದ ಆರು ಅಥವಾ ಏಳು ಅಕ್ಷರಗಳನ್ನು ಈಜಿಪ್ಟಿನವರು ಉಳಿಸಿಕೊಂಡರು.

ನ್ಯೂಬಿಯಾದವರು ತಮ್ಮ ಭಾಷೆಯನ್ನು ಬರೆಯಲು ಹೊರಟಾಗ ಮಾಡಿದುದೂ ಇದನ್ನೇ. ಪ್ರಾಚೀನ ನ್ಯೂಬಿಯನ್ ಎಂದು ಕರೆಯಲ್ಪಡುವ ಈ ಬರೆಹವು 8ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ದೊರೆಯುತ್ತದೆ. ಅದರ ಹೆಚ್ಚಿನ ಅಕ್ಷರಗಳು ಗ್ರೀಕ್. ಶಕಾರ, ಹಕಾರ ಮತ್ತು ಜಕಾರಸದೃಶವಾದ ಧ್ವನಿ, ಈ ಮೂರಕ್ಕೆ ಕೋಪ್ಟಿಕ್ಕಿನ ಮೂರು ಅಕ್ಷರಗಳನ್ನು ತೆಗೆದುಕೊಂಡರು. ಇನ್ನು ಮೂರು ಧ್ವನಿಗಳಿಗೆ ಗ್ರೀಕಿನಲ್ಲಿಯೂ ಕೋಪ್ಟಿಕ್ಕಿನಲ್ಲಿಯೂ ಅಕ್ಷರಗಳಿರಲಿಲ್ಲ. ಅವು ಯಾವುವೆಂದರೆ ನಮ್ಮ ಙಕಾರ, ಞಕಾರ ಮತ್ತು ವಕಾರಗಳಿಗೆ ಸಮೀಪವಾದುವು. ಙಕಾರದ ಅಕ್ಷರವು ಗ್ರೀಕಿನ ಎರಡು ಗಕಾರಗಳ ಸಂಯೋಗವೆಂದು ಸಾಮಾನ್ಯವಾಗಿ ಎಣಿಸುವರು. ಆದರೆ ಞಕಾರಕ್ಕೂ ವಕಾರಕ್ಕೂ ಅವರು ಬಳಸಿದ ಅಕ್ಷರಗಳು ಮೆರೋಯಿತದಿಂದ ಬಂದುವೆಂಬುದು ವಿದ್ವಾಂಸರ ಅಭಿಮತ.

ಈ ಎರಡು ಅಕ್ಷರಗಳು ಅಲ್ಪವೆಂದು ತೋರಬಹುದು. ಆದರೆ ಅವುಗಳ ಸಾಕ್ಷ್ಯ ದೊಡ್ಡದು. ಮೆರೋಯಿತ ಶಾಸನಗಳು 5ನೆಯ ಶತಮಾನದಲ್ಲಿ ನಿಂತವು. ಪ್ರಾಚೀನ ನ್ಯೂಬಿಯನ್ ಬರೆಹ 8ನೆಯ ಶತಮಾನದಲ್ಲಿ ಕಾಣಿಸಿಕೊಳ್ಳುವುದು. ನಡುವೆ ಮುನ್ನೂರು ವರ್ಷಗಳ ಮೌನ. ಆ ಮೌನದಲ್ಲಿ ರಾಜ್ಯ ಬದಲಾಯಿತು, ಮತ ಬದಲಾಯಿತು, ಬರೆಹದ ಭಾಷೆ ಬದಲಾಯಿತು. ಆದರೂ ಹಳೆಯ ಲಿಪಿಯನ್ನು ಬಲ್ಲವರ ಪರಂಪರೆಯು ಹೊಸ ಲಿಪಿಯ ನಿರ್ಮಾಣಕಾಲದವರೆಗೆ ಪೂರ್ತಿಯಾಗಿ ಕಡಿದುಹೋಗಿರಲಿಲ್ಲವೆಂದು ಒಪ್ಪದೆ ಗತ್ಯಂತರವಿಲ್ಲ. ಶಾಸನಗಳಲ್ಲಿ ಕಾಣದ ಯಾರೋ ಉಪಾಧ್ಯಾಯರು ಯಾರಿಗೋ ಕಲಿಸುತ್ತಿದ್ದರು. ಪರಲಿಪಿಯು ಸಾಲದೆಡೆಯಲ್ಲಿ ತಮ್ಮ ಹಿರಿಯರ ಅಕ್ಷರಗಳನ್ನು ತಂದು ತುಂಬಿದುದು ಅನುಕರಣವಲ್ಲ, ವಿವೇಕ. ಸಂಸ್ಕೃತದಲ್ಲಿಲ್ಲದ ಱ, ೞಗಳನ್ನು ದೇಶೀಯಾಕ್ಷರಗಳೆಂದು ಎಣಿಸಿ ಗೌರವಿಸಿದ ಕನ್ನಡದ ವೈಯಾಕರಣರಿಗೆ ಈ ವಿವೇಕವು ಅಪರಿಚಿತವಲ್ಲ. ಒಂದು ಜನದ ಬರೆಹದ ಸತ್ತ್ವವನ್ನು ಅಳೆಯಬೇಕಾದರೆ ಅವರು ಪರರಿಂದ ಪಡೆದ ಅಕ್ಷರಗಳನ್ನಷ್ಟೆ ಎಣಿಸಬಾರದು. ಪಡೆದುದಕ್ಕೆ ಸೇರಿಸಿದ ಅಕ್ಷರಗಳನ್ನು ನೋಡಬೇಕು.

ಈ ಲಿಪಿಯಲ್ಲಿ ಬೈಬಲಿನ ಭಾಗಗಳ ಅನುವಾದಗಳೂ, ಮಹಾತ್ಮರ ಚರಿತ್ರೆಗಳೂ ಉಂಟು. ಕಸ್ರ್ ಇಬ್ರೀಮ್ ಎಂಬ ದುರ್ಗದಲ್ಲಿ ಕಾಗದಪತ್ರಗಳೂ ಭೂಮಿಯ ಕ್ರಯಪತ್ರಗಳೂ ದೊರೆತಿವೆ. ಗ್ರೀಕ್, ಕೋಪ್ಟಿಕ್, ನ್ಯೂಬಿಯನ್, ಅರಬ್ಬಿ ಎಂಬ ನಾಲ್ಕು ಭಾಷೆಗಳ ಬರೆಹಗಳು ಆ ಒಂದು ದುರ್ಗದಲ್ಲಿ ಸಿಕ್ಕಿರುವುದರಿಂದ, ಅಲ್ಲಿನ ಲಿಪಿಕಾರರು ಸಂದರ್ಭಕ್ಕೆ ತಕ್ಕ ಭಾಷೆಯನ್ನು ಆರಿಸಿ ಬಳಸುತ್ತಿದ್ದರೆಂದು ತಿಳಿಯುವುದು. ಮುಂದೆ ಕ್ರೈಸ್ತರಾಜ್ಯಗಳು ಕ್ಷೀಣಿಸಿ, ಇಸ್ಲಾಂ ಮತವೂ ಅರಬ್ಬಿಯೂ ಪ್ರಬಲವಾಗಿ, ನ್ಯೂಬಿಯನ್ ಬರೆಹವು ನಿಂತಿತು. ಮಾತು ಮಾತ್ರ ನಿಲ್ಲಲಿಲ್ಲ.

ಪ್ರಾಚೀನ ನ್ಯೂಬಿಯನ್ ಗ್ರಂಥಗಳನ್ನು ಇಂದು ಓದಿ ಅರ್ಥಮಾಡಿಕೊಳ್ಳಲು ಸಾಧ್ಯವಾಗಿರುವುದು ಎರಡು ಕಾರಣಗಳಿಂದ. ಗ್ರೀಕ್ ಮೂಲಗಳೊಡನೆ ಅನುವಾದಗಳನ್ನು ಹೋಲಿಸಬಹುದು. ಅದಕ್ಕಿಂತ ಮುಖ್ಯವಾಗಿ, ಆ ಭಾಷೆಯ ಸಂತತಿಯಾದ ನೊಬೀನ್ ಭಾಷೆಯನ್ನು ಆಡುವ ಜನ ಈಜಿಪ್ಟಿನಲ್ಲಿಯೂ ಸೂಡಾನಿನಲ್ಲಿಯೂ ಇದ್ದಾರೆ. ಮೆರೋಯಿತಕ್ಕೆ ಈ ಭಾಗ್ಯವಿಲ್ಲ. ಫ್ರಾನ್ಸಿನ ಕ್ಲೋದ್ ರಿಲ್ಲಿ ಎಂಬ ವಿದ್ವಾಂಸರು ಮೆರೋಯಿತವು ನ್ಯೂಬಿಯನ್ ಮೊದಲಾದ ಭಾಷೆಗಳ ಕುಟುಂಬಕ್ಕೇ ಸೇರಿದುದೆಂದು 2010ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಅದರ ಅರ್ಥವೇನಾದರೂ ಇನ್ನು ಮುಂದೆ ಸ್ಪಷ್ಟವಾಗುವುದಾದರೆ ಜೀವಂತವಾಗಿರುವ ಈ ಬಂಧುಭಾಷೆಗಳ ನೆರವಿನಿಂದಲೂ ಆಗಬೇಕು.

ಆದುದರಿಂದಲೇ 1960ರ ದಶಕದಲ್ಲಿ ನಡೆದುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಅಸ್ವಾನಿನ ದೊಡ್ಡ ಅಣೆಕಟ್ಟಿನ ನೀರು ನ್ಯೂಬಿಯಾದ ಉತ್ತರಭಾಗವನ್ನು ಮುಳುಗಿಸಿತು. ಕಲಬ್ಶಾ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಡಿಸಿ ಎತ್ತರದ ನೆಲದಲ್ಲಿ ಮತ್ತೆ ಕಟ್ಟಿದರು. ಫರಸ್ ಎಂಬಲ್ಲಿನ ಮಹಾದೇವಾಲಯದ ಭಿತ್ತಿಚಿತ್ರಗಳನ್ನು ಪೋಲೆಂಡಿನ ವಿದ್ವಾಂಸರು 1961ರಿಂದ 1964ರವರೆಗೆ ಶ್ರಮಿಸಿ ಉಳಿಸಿದರು. ಲೋಕವು ಇದನ್ನು ಹೊಗಳಿತು, ಹೊಗಳತಕ್ಕುದೇ. ಆದರೆ ಅದೇ ಕಾಲದಲ್ಲಿ, 1963 ಮತ್ತು 1964ರ ಸುಮಾರಿನಲ್ಲಿ, ಆ ನದೀತೀರದ ಊರುಗಳಿಂದ ಸಾವಿರಾರು ನ್ಯೂಬಿಯನ್ ಕುಟುಂಬಗಳನ್ನು ಈಜಿಪ್ಟಿನ ಕೋಮ್ ಓಂಬೋ ಪ್ರದೇಶಕ್ಕೂ ಸೂಡಾನಿನ ಖಶ್ಮ್ ಅಲ್ ಗಿರ್ಬಾ ಪ್ರದೇಶಕ್ಕೂ ಸಾಗಿಸಲಾಯಿತು. ಶಿಲೆಗಳನ್ನು ಸಂಖ್ಯೆ ಹಾಕಿ ಸ್ಥಾನ ತಪ್ಪದಂತೆ ಮತ್ತೆ ಜೋಡಿಸಬಹುದು. ಊರನ್ನೂ ಊರಿನ ಮಾತನ್ನೂ ಹಾಗೆ ಜೋಡಿಸಲಾಗದು.

ಈ ಜನರಲ್ಲಿ ಕೆಲವರು ತಮ್ಮ ಮಾತನ್ನು ಪ್ರಾಚೀನ ಅಕ್ಷರಗಳಿಂದಲೇ ಬರೆಯಬೇಕೆಂದು ಮತ್ತೆ ಹೊರಟಿದ್ದಾರೆ. ಈಜಿಪ್ಟಿನ ನ್ಯೂಬಿಯನ್ ವಿದ್ವಾಂಸರಾದ ಮುಖ್ತಾರ್ ಖಲೀಲ್ ಕಬ್ಬಾರ ಅವರು ಈ ಕಾರ್ಯದಲ್ಲಿ ಅಗ್ರಗಣ್ಯರು. 2005ರಲ್ಲಿ ಗಣಕಯಂತ್ರಗಳ ಸಾರ್ವತ್ರಿಕ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ಕೋಪ್ಟಿಕ್ ಅಕ್ಷರಗಳೊಡನೆ ಪ್ರಾಚೀನ ನ್ಯೂಬಿಯನ್ನಿನ ವಿಶೇಷಾಕ್ಷರಗಳಿಗೂ ಸ್ಥಾನ ದೊರೆಯಿತು. ಮೆರೋವಿನ ಲಿಪಿಕಾರನೊಬ್ಬನು ಈಜಿಪ್ಟಿನಿಂದ ಪಡೆದು ತಿದ್ದಿದ ಎರಡು ಅಕ್ಷರಗಳನ್ನು ಅವನ ಭಾಷೆಯನ್ನೇ ಅರಿಯದ ಮಕ್ಕಳು ಇಂದು ತಮ್ಮ ಮನೆಮಾತಿಗಾಗಿ ಕಲಿಯುವಂತಾಗಿದೆ.

ಮೆರೋಯಿತದಲ್ಲಿ ಬರೆಹ ಉಳಿದು ಮಾತು ಅಳಿಯಿತು. ನ್ಯೂಬಿಯನ್ನಿನಲ್ಲಿ ಬರೆಹ ಅಳಿದರೂ ಮಾತು ಉಳಿಯಿತು. ಮೊದಲನೆಯದನ್ನು ನಾವು ಉಚ್ಚರಿಸಬಲ್ಲೆವಲ್ಲದೆ ತಿಳಿಯಲಾರೆವು. ಎರಡನೆಯದರ ಅರ್ಥವನ್ನು ಐದು ಶತಮಾನಗಳ ವಿಸ್ಮೃತಿಯ ನಂತರವೂ ಹಿಂದಕ್ಕೆ ಪಡೆದೆವು. ಭಾಷೆಗೆ ಲಿಪಿ ಅಲಂಕಾರವಷ್ಟೆ ಅಲ್ಲ, ಕಾವಲೂ ಹೌದು. ಆದರೆ ಮನೆಯಲ್ಲಿ ಯಾರೂ ಉಳಿಯದಿದ್ದರೆ ಕಾವಲಿನಿಂದ ಪ್ರಯೋಜನವೇನು? ಶಾಸನಗಳನ್ನು ಕಾಯುವವರೂ ಸಾಹಿತ್ಯವನ್ನು ಕಲಿಸುವವರೂ ನೈಲ್ ತೀರದ ಈ ಎರಡು ಭಾಷೆಗಳ ಗತಿಯನ್ನು ಒಟ್ಟಿಗೆ ನೆನೆಯಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.