ವಿಜಯಪುರದ ದರಬಾರಿನ ಕವಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ವಿಜಯಪುರಕ್ಕೆ ಹೋದ ನಮ್ಮ ಜನರು ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿ ಮಾರ್ದನಿಯನ್ನು ಕೇಳದೆ ಹಿಂದಿರುಗುವುದಿಲ್ಲ. ಆದರೆ ದಕ್ಷಿಣದ ಬಾಗಿಲ ಮೇಲಿರುವ ಮೂರು ಫಾರಸಿ ವಾಕ್ಯಗಳತ್ತ ತಲೆಯೆತ್ತಿ ನೋಡುವವರು ವಿರಳ. ಆ ಲಿಪಿಯಲ್ಲಿ ಅಕ್ಷರಕ್ಕೊಂದು ಸಂಖ್ಯೆಯುಂಟು. ‘ಮುಹಮ್ಮದ’ ಎಂಬ ಹೆಸರಿನಲ್ಲಿಯ ಮಕಾರಕ್ಕೆ 40, ಹಕಾರಕ್ಕೆ 8, ಮತ್ತೆ ಮಕಾರಕ್ಕೆ 40, ದಕಾರಕ್ಕೆ 4, ಕೂಡಿದರೆ 92. ಈ ರೀತಿಯಾಗಿ ಆ ಮೂರು ವಾಕ್ಯಗಳಲ್ಲಿ ಯಾವುದನ್ನು ಎಣಿಸಿದರೂ ಬರುವುದು 1067. ಅದೇ ಮುಹಮ್ಮದ ಆದಿಲಶಹನು ತೀರಿಕೊಂಡ ಹಿಜರಿ ವರ್ಷ. ನಮ್ಮ ಲೆಕ್ಕದಲ್ಲಿ ಕ್ರಿ. ಶ. 1656. ಕಟಪಯಾದಿಯನ್ನು ಬಲ್ಲ ಹಿರಿಯರಿಗೆ ಈ ಜಾಣ್ಮೆಯು ಹೊಸದೆನಿಸಲಾರದು. ಅರಸನು ಪಟ್ಟವೇರಲಿ, ಗೆಲ್ಲಲಿ, ಮಡಿಯಲಿ, ಆ ಕಾಲವನ್ನು ಮಾತಿನೊಳಗೆ ಹುದುಗಿಸಿಡುವುದು ಫಾರಸಿ ಬಲ್ಲ ಆಸ್ಥಾನಗಳಲ್ಲಿ ಕವಿಗೆ ಒದಗಿದ ಕೆಲಸಗಳಲ್ಲೊಂದು.

ಅರಸನಿಗೆ ಲೇಖಕ, ಕವಿ, ಜ್ಯೋತಿಷಿ, ವೈದ್ಯ ಎಂಬ ನಾಲ್ವರು ಬೇಕೇಬೇಕೆಂದು ಹನ್ನೆರಡನೆಯ ಶತಮಾನದಲ್ಲಿ ಸಮರಖಂದದ ನಿಜಾಮಿ ಅರೂಜಿಯು ಬರೆದನು. ಅರಸನ ಹೆಸರನ್ನು ಉಳಿಸುವವನು ಕವಿ. ಅಂಥವನು ತಾರುಣ್ಯದಲ್ಲಿಯೇ ಪೂರ್ವಿಕರ 20,000 ದ್ವಿಪದಿಗಳನ್ನೂ ಈಚಿನವರ 10,000 ದ್ವಿಪದಿಗಳನ್ನೂ ಕಂಠಸ್ಥ ಮಾಡಬೇಕಂತೆ! ನಮ್ಮ ಪಂಪನೂ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ಕಾವ್ಯ ಕಟ್ಟಿದವನೇ. ಆದುದರಿಂದ ಫಾರಸಿ ಕವಿಗಳನ್ನು ಬರಿಯ ಹೊಗಳುಭಟರೆಂದು ಜರೆಯಲು ನಮಗೆ ಬಾಯಿಲ್ಲ.

ಖುರಾಸಾನ ಸೀಮೆಯ ತುರ್ಶೀಜದಿಂದ ಬಂದ ಜುಹೂರಿಯು ಮೊದಲು ಅಹಮದನಗರದಲ್ಲಿ ಬುರ್ಹಾನ ನಿಜಾಮಶಹನಿಗಾಗಿ ಕಾವ್ಯ ಬರೆದನು. ಬಳಿಕ ವಿಜಯಪುರದ ಆಶ್ರಯಕ್ಕೆ ಬಂದನು. ಆತನ ಮಾವನಾದ ಮಲಿಕ ಕುಮ್ಮಿಯೂ ಇದೇ ದರಬಾರಿನ ಕವಿ. ಇಲ್ಲಿ ಸಿಂಹಾಸನದ ಮೇಲಿದ್ದ ಎರಡನೆಯ ಇಬ್ರಾಹಿಮನು (1580–1627) ಕೇಳುವವನಷ್ಟೇ ಅಲ್ಲ, ಸ್ವತಃ ಹಾಡು ಕಟ್ಟುವವನು. ಆತನ ‘ಕಿತಾಬೆ ನೌರಸ’ವು ಫಾರಸಿಯಲ್ಲಿಲ್ಲ, ದಖನಿಯಲ್ಲಿದೆ, ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯುಂಟು. ಅದಕ್ಕೆ ಫಾರಸಿ ಗದ್ಯದಲ್ಲಿ ಮುನ್ನುಡಿ ಬರೆಯುವ ಭಾರವು ಜುಹೂರಿಯ ಪಾಲಿಗೆ ಬಂದಿತು. ಎಂಥ ಇಕ್ಕಟ್ಟು! ತನ್ನ ಭಾಷೆಯಲ್ಲಿ ಮಹಾಪಂಡಿತನಾದವನು ಪರಭಾಷೆಯ ಹಾಡುಗಳ ಬಾಗಿಲಲ್ಲಿ ನಿಂತು ಒಳಗೆ ಬನ್ನಿರೆಂದು ಕರೆಯಬೇಕು. ಹಾಡಿದವನೋ ಅನ್ನವಿಕ್ಕುವ ಧಣಿ. ಆ ಗದ್ಯದ ಹೊಗಳಿಕೆ ನಮ್ಮ ಕಿವಿಗೆ ಅತಿಯಾಗಿ ತೋರುತ್ತದೆ. ಆದರೂ ಹಿಂದುಸ್ಥಾನದ ಫಾರಸಿ ಪಾಠಶಾಲೆಗಳಲ್ಲಿ ಬಹುಕಾಲ ಅದನ್ನೇ ಮಾದರಿಯೆಂದು ಓದಿಸಿದರು.

ಇಬ್ರಾಹಿಮನು 1599ರಲ್ಲಿ ತೊರವಿಯ ಬಳಿ ನೌರಸಪುರವೆಂಬ ಊರನ್ನೇ ಕಟ್ಟಿಸತೊಡಗಿದನು. 1624ರಲ್ಲಿ ಮಲಿಕ ಅಂಬರನು ಅದನ್ನು ಸೂರೆಮಾಡಿದನು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದ ಮೇಲೆ ಬರೆಯಿಸುವ ಅರಸನೇ ಇಲ್ಲವಾದನು.

ಅದೇ ತೊರವಿಯಲ್ಲಿ ಇನ್ನೊಬ್ಬ ಕವಿಯಿದ್ದನೆಂಬುದನ್ನು ವಾಚಕರು ಬಲ್ಲರು. ಕುಮಾರ ವಾಲ್ಮೀಕಿಯು ತನ್ನ ರಾಮಾಯಣವನ್ನು ಅರಸನಿಗಲ್ಲ, ಊರ ನರಸಿಂಹನಿಗೆ ಅರ್ಪಿಸಿದನು. ನರಸಿಂಹನ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ; ಅದಕ್ಕೆ ಸಮೀಪದಲ್ಲಿಯೇ ನೌರಸಪುರದ ಸಂಗೀತಮಹಲು ಪಾಳುಗೋಡೆಗಳಾಗಿ ನಿಂತಿದೆ.