ಸಣ್ಣ ಅಣೆಕಟ್ಟು ಎಂದು ಅಸಡ್ಡೆ ಬೇಡ: ‘ಅಪಾಯ ವರ್ಗ’ ನಿರ್ಧರಿಸುವುದು ಹೇಗೆ?

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆ ಚಿಪಳೂಣ ತಾಲೂಕಿನ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಸುಮಾರು 20 ಜನ ಪ್ರಾಣ ಕಳೆದುಕೊಂಡರು. ಅದು ಸಣ್ಣ ನೀರಾವರಿಗಾಗಿ ಕಟ್ಟಿದ್ದ ಮಣ್ಣಿನ ಅಣೆಕಟ್ಟು. ಸೋರಿಕೆ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆವು ಎಂದು ಗ್ರಾಮಸ್ಥರು ಹೇಳಿದ್ದರು. ಏಡಿಗಳು ಕೊರೆದದ್ದೇ ಕಾರಣ ಎಂದು ಆಗಿನ ಜಲಸಂರಕ್ಷಣಾ ಸಚಿವ ತಾನಾಜಿ ಸಾವಂತ್ ಹೇಳಿ ಟೀಕೆಗೆ ಗುರಿಯಾಗಿದ್ದರು.

ಇಂಥ ಅಣೆಕಟ್ಟು ಎಷ್ಟು ಅಪಾಯಕಾರಿ ಎಂಬುದನ್ನು ಎರಡು ಬೇರೆ ಬೇರೆ ಪ್ರಶ್ನೆಗಳಿಂದ ಅಳೆಯಲಾಗುತ್ತದೆ.

ಸ್ಥಿತಿ ಬೇರೆ, ಅಪಾಯ ಬೇರೆ

ಮೊದಲನೆಯದು, ಅಣೆಕಟ್ಟಿನ ಸ್ಥಿತಿ ಹೇಗಿದೆ? ಬಿರುಕು, ಸೋರಿಕೆ, ಕುಸಿತ ಇದೆಯೇ? ಎರಡನೆಯದು, ಒಂದು ವೇಳೆ ಒಡೆದರೆ ಕೆಳಗೆ ಯಾರಿಗೆ, ಎಷ್ಟು ಹಾನಿ? ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರವೇ ‘ಅಪಾಯ ವರ್ಗ’. ಅಣೆಕಟ್ಟು ಹೊಸದಾಗಿ, ಗಟ್ಟಿಯಾಗಿದ್ದರೂ ಕೆಳಗೆ ಊರಿದ್ದರೆ ಅದು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರುತ್ತದೆ. ಕೆಳಗೆ ಬರೀ ಬಂಜರು ಇದ್ದರೆ ಹಳೆಯ ಅಣೆಕಟ್ಟೂ ಕಡಿಮೆ ಅಪಾಯದ ವರ್ಗದಲ್ಲಿರಬಹುದು.

ಕೇಂದ್ರ ಜಲ ಆಯೋಗದ ಮಾರ್ಗಸೂಚಿಯಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಮತ್ತು ಅತಿ ಹೆಚ್ಚು ಎಂಬ ನಾಲ್ಕು ವರ್ಗಗಳಿವೆ. ಪ್ರವಾಹದ ಹಾದಿಯಲ್ಲಿರುವ ಜನ, ಆಸ್ತಿ, ರಸ್ತೆ, ಪರಿಸರ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಹಾಗಾಗಿ ಈ ವರ್ಗ ಶಾಶ್ವತವಲ್ಲ. ಅಣೆಕಟ್ಟಿನ ಕೆಳಗೆ ಹೊಸ ಬಡಾವಣೆ, ಶಾಲೆ, ರೆಸಾರ್ಟ್ ಬಂದರೆ ಕಟ್ಟೆ ಇದ್ದಂತೆಯೇ ಇದ್ದರೂ ವರ್ಗ ಮೇಲೇರಬೇಕಾಗುತ್ತದೆ.

ಕಾನೂನಿನ ವ್ಯಾಪ್ತಿ ಎಷ್ಟು?

ಅಣೆಕಟ್ಟು ಸುರಕ್ಷತಾ ಕಾಯ್ದೆ-2021 ಅದೇ ವರ್ಷ ಡಿಸೆಂಬರ್ 30ರಂದು ಜಾರಿಗೆ ಬಂತು. 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ ಇದು ನೇರವಾಗಿ ಅನ್ವಯ. 10ರಿಂದ 15 ಮೀಟರ್ ಎತ್ತರದವು ಕೆಲವು ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸಿದರೆ ಮಾತ್ರ ಒಳಪಡುತ್ತವೆ. ಉದಾಹರಣೆಗೆ, ಕನಿಷ್ಠ 500 ಮೀಟರ್ ಉದ್ದ ಅಥವಾ ಕನಿಷ್ಠ 10 ಲಕ್ಷ ಘನ ಮೀಟರ್ ನೀರಿನ ಸಾಮರ್ಥ್ಯ. ಇಂಥ ಅಣೆಕಟ್ಟುಗಳನ್ನು ಮುಂಗಾರಿಗೆ ಮೊದಲು ಮತ್ತು ನಂತರ ಪರಿಶೀಲಿಸುವುದು ಕಡ್ಡಾಯ. ತುರ್ತು ಕ್ರಿಯಾ ಯೋಜನೆಯೂ ಇರಬೇಕು.

10 ಮೀಟರ್‌ಗಿಂತ ತಗ್ಗಿನ ಕಟ್ಟೆಗಳು ಈ ಕಾಯ್ದೆಯ ಹೊರಗೇ ಉಳಿಯುತ್ತವೆ. ಕರ್ನಾಟಕದ ಎಷ್ಟೋ ಕೆರೆ ಏರಿಗಳು ಇದೇ ಗುಂಪಿನವು. ಎತ್ತರ ಕಡಿಮೆ ಎಂಬ ಕಾರಣಕ್ಕೆ ಅವುಗಳ ಕೆಳಗಿನ ಮನೆಗಳಿಗೆ ಅಪಾಯವೇನೂ ಕಡಿಮೆಯಾಗುವುದಿಲ್ಲ.

ಮಣ್ಣಿನ ಕಟ್ಟೆ ಒಡೆಯುವುದು ಹೇಗೆ?

ಮುಖ್ಯ ಕಾರಣ ಎರಡು. ಕೋಡಿ ಕಿರಿದಾಗಿದ್ದರೆ ಅಥವಾ ಹೂಳು, ಗಿಡಗಂಟಿಯಿಂದ ಮುಚ್ಚಿಹೋಗಿದ್ದರೆ ನೀರು ಏರಿಯ ಮೇಲೆಯೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಇನ್ನೊಂದು, ಒಳಗಿನ ಸವೆತ. ಸೋರುವ ನೀರು ಮಣ್ಣಿನ ಕಣಗಳನ್ನು ಹೊತ್ತೊಯ್ಯುತ್ತಾ ಒಳಗೊಳಗೇ ಕೊಳವೆಯಂಥ ದಾರಿ ಮಾಡಿಕೊಳ್ಳುತ್ತದೆ. ತೂಬಿನ ಪಕ್ಕ, ಸತ್ತ ಮರದ ಬೇರು, ಪ್ರಾಣಿಗಳ ಬಿಲ ಇದಕ್ಕೆ ಅನುಕೂಲ. ಆದರೆ ಬಿಲಗಳನ್ನು ಸಕಾಲಕ್ಕೆ ಗುರುತಿಸಿ ಮುಚ್ಚುವುದು ನಿರ್ವಹಣೆಯ ಕೆಲಸ. ಅದು ತಪ್ಪಿದರೆ ಏಡಿಯನ್ನು ದೂರಿ ಪ್ರಯೋಜನವಿಲ್ಲ.

ಊರಿನವರು ಗಮನಿಸಬೇಕಾದ್ದು

* ಸೋರುವ ನೀರು ತಿಳಿಯಾಗಿದೆಯೇ, ಕೆಂಪಗಿದೆಯೇ? ಮಣ್ಣು ಬೆರೆತಿದ್ದರೆ ಕಟ್ಟೆ ಒಳಗಿನಿಂದ ಸವೆಯುತ್ತಿದೆ ಎಂದರ್ಥ.
* ಏರಿಯ ಹಿಂಬದಿಯಲ್ಲಿ ಹೊಸದಾಗಿ ತೇವ, ಜೌಗು ಕಾಣಿಸಿದೆಯೇ?
* ಏರಿಯ ಮೇಲ್ಭಾಗ ಎಲ್ಲಾದರೂ ಕುಸಿದಿದೆಯೇ, ಬಿರುಕು ಬಿಟ್ಟಿದೆಯೇ?
* ಕೋಡಿಗೆ ಯಾರಾದರೂ ಅಡ್ಡ ಕಟ್ಟಿದ್ದಾರೆಯೇ?

ಇವುಗಳಲ್ಲಿ ಯಾವುದೇ ಒಂದು ಕಂಡರೂ ದಿನಾಂಕವಿರುವ ಫೋಟೊ ಸಹಿತ ನೀರಾವರಿ ಇಲಾಖೆ ಮತ್ತು ತಹಶೀಲ್ದಾರ್ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಕೆಂಪು ನೀರು ಹೆಚ್ಚುತ್ತಿದ್ದರೆ ಮಾತ್ರ ದೂರಿನ ಉತ್ತರಕ್ಕೆ ಕಾಯಬೇಡಿ. ತಕ್ಷಣ 112ಕ್ಕೆ ಕರೆ ಮಾಡಿ, ಕೆಳಗಿನ ಮನೆಯವರನ್ನು ಎತ್ತರದ ಜಾಗಕ್ಕೆ ಕಳುಹಿಸಿ.