ಫ್ರಿಜ್ಜಿನ ಮೇಲಿನ ಚೀಟಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಕೊಂಡಿದೆ. ‘ಅಜ್ಜನಿಗೆ ಪ್ರವೇಶವಿಲ್ಲ’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಬರೆದವನು ನನ್ನ ಮೊಮ್ಮಗ. ಆಗ ಐದನೇ ಕ್ಲಾಸು. ಮಕ್ಕಳೇ, ಆ ಚೀಟಿಯ ಕತೆ ಹೇಳುತ್ತೇನೆ. ನಿಮ್ಮ ಅಜ್ಜ ಅಜ್ಜಿಯರೂ ಜೊತೆಗೆ ಕೂತು ಕೇಳಲಿ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಎರಡು ವರ್ಷದ ಹಿಂದೆ ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಯಜಮಾನರಿಗೆ ಊಟ ಸೇರದಾಯಿತು. ಮೈ ಇಳಿಯಿತು. ಹೊಟ್ಟೆನೋವು ಬೆನ್ನಿಗೆ ಹಾಯುತ್ತಿತ್ತು. ಎಂದೂ ಇಲ್ಲದ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಕಣ್ಣು ಹಳದಿಯಾದಾಗ ಕಾಮಾಲೆ ಇರಬೇಕೆಂದು ಮೂರು ವಾರ ನಾಟಿ ಔಷಧಿ ಕೊಡಿಸಿದೆ. ಆ ಮೂರು ವಾರ ನೆನೆದರೆ ಈಗಲೂ ಎದೆ ಹಿಂಡುತ್ತದೆ. ಇಂಥ ಲಕ್ಷಣ ಕಂಡರೆ ದಯವಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.

ಮಂಗಳೂರಿನಲ್ಲಿ ಪರೀಕ್ಷೆಗಳೆಲ್ಲ ಆದವು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಆಗಲೇ ಪಿತ್ತಜನಕಾಂಗಕ್ಕೆ ಹರಡಿತ್ತು. ಈ ಗ್ರಂಥಿ ಜಠರದ ಹಿಂದೆ ಅಡಗಿ ಕೂತಿದೆ. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಷ್ಟು, ಅಂದರೆ ಸುಮಾರು 15 ಸೆಂಟಿಮೀಟರ್ ಉದ್ದ. ತಿಂದದ್ದನ್ನು ಜೀರ್ಣಿಸುವ ರಸವೂ ಇನ್ಸುಲಿನ್ನೂ ಇಲ್ಲೇ ತಯಾರಾಗುತ್ತವೆ. ಒಳಗೆ ಅಷ್ಟು ಆಳದಲ್ಲಿರುವುದರಿಂದ ಗಡ್ಡೆ ಬೆಳೆದರೂ ಬೇಗ ಗೊತ್ತಾಗುವುದಿಲ್ಲ.

ಕಟ್ಟಿಕೊಂಡಿದ್ದ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಪುಟ್ಟ ಕೊಳವೆ ಹಾಕಿದರು. ಕಾಮಾಲೆ ಇಳಿಯಿತು. ಆಪರೇಷನ್ ಸಾಧ್ಯವಿಲ್ಲ, ಕೀಮೋ ಕೊಡಬಹುದು ಎಂದರು ಡಾಕ್ಟರು. “ಪೂರ್ತಿ ಗುಣವಾಗುತ್ತದೆ ಅಂತ ಹೇಳಲಾರೆ. ರೋಗದ ಓಟ ತಡೆಯಬಹುದು, ಒಂದಿಷ್ಟು ಕಾಲ ಸಿಗಬಹುದು.”

“ಮುಂದಿನ ಕೊಯ್ಲು ನೋಡ್ತೀನಾ ಡಾಕ್ಟ್ರೇ?” ಎಂದು ಇವರು ಕೇಳಿದರು.

“ಅದಕ್ಕೇ ಪ್ರಯತ್ನ ಮಾಡೋಣ” ಎಂದರು ಅವರು.

ಹದಿನೈದು ದಿನಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಹೋಗುವುದು ಶುರುವಾಯಿತು. ಒಂದು ಔಷಧಿಯನ್ನು ಸೊಂಟಕ್ಕೆ ಕಟ್ಟಿದ ಪುಟ್ಟ ಪಂಪಿನಿಂದ ಸುಮಾರು ಎರಡು ದಿನ ಮೈಗೆ ಬಿಡುತ್ತಿದ್ದರು. ಮೊಮ್ಮಗನಿಗೆ ಮಾತ್ರ ‘ಅಜ್ಜನಿಗೆ ಗ್ಯಾಸ್ಟ್ರಿಕ್’ ಎಂದು ಹೇಳಿದ್ದೆವು. ಮಗು ಹೆದರಬಾರದಲ್ಲ ಎಂದು.

ಆದರೆ ಅವನು ಅಜ್ಜನ ಹತ್ತಿರ ಕೂರುವುದನ್ನೇ ಬಿಟ್ಟ. ಒಂದು ರಾತ್ರಿ ನನ್ನ ಸೆರಗು ಹಿಡಿದು ಕೇಳಿದ: “ಅಜ್ಜೀ, ನಂಗೆ ಜ್ವರ ಬಂದಾಗ ಅಜ್ಜನ ಲೋಟದಲ್ಲಿ ಹಾಲು ಕುಡಿದಿದ್ದೆ. ಅದಕ್ಕೇ ಅಜ್ಜಂಗೆ ಹೀಗಾಯ್ತಾ?”

ಎಷ್ಟು ದಿನದಿಂದ ಆ ಭಾರ ಹೊತ್ತಿದ್ದನೋ ಮಗು! ಮರುದಿನ ಇವರೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯಿಲೆಯ ಹೆಸರು ಹೇಳಿದರು. ಇದು ಅಂಟುರೋಗವಲ್ಲ, ಯಾರ ತಪ್ಪಿನಿಂದಲೂ ಬಂದದ್ದಲ್ಲ, ವಾಸಿಯಾಗದೆಯೂ ಇರಬಹುದು ಎಂದರು. ಅವನು ಅತ್ತ. ಆಮೇಲೆ “ನಾನೇನು ಮಾಡ್ಲಿ?” ಎಂದ.

ಮಾಡಲು ಬೇಕಾದಷ್ಟಿತ್ತು. ಕೀಮೋದ ಒಂದು ಔಷಧಿಯಿಂದ ತಣ್ಣನೆಯದನ್ನು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತಿತ್ತು, ಕುಡಿದರೆ ಗಂಟಲು ಹಿಡಿದಂತಾಗುತ್ತಿತ್ತು. ಹಾಗೆ ಬಂತು ಫ್ರಿಜ್ಜಿನ ಮೇಲಿನ ಚೀಟಿ! ತಿಂದದ್ದು ಮೈಗೆ ಹತ್ತಲೆಂದು ಡಾಕ್ಟರು ಕಿಣ್ವದ ಕ್ಯಾಪ್ಸೂಲ್ ಕೊಟ್ಟಿದ್ದರು. ಅದನ್ನು ಊಟದ ಮೊದಲ ತುತ್ತಿನ ಜೊತೆಗೇ ನುಂಗಬೇಕು. ತಟ್ಟೆ ಇಟ್ಟ ಕೂಡಲೇ “ಅಜ್ಜಾ, ಮಾತ್ರೆ!” ಎಂದು ಕೂಗುವ ಕೆಲಸ ಅವನದು. ಕೀಮೋದಲ್ಲಿ ರಕ್ತದ ಬಿಳಿಕಣ ಕಡಿಮೆಯಾಗುವುದರಿಂದ ಸೋಂಕು ಬೇಗ ತಗಲುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಥರ್ಮಾಮೀಟರ್ ನೋಡಿ ಬರೆದಿಡುತ್ತಿದ್ದವನೂ ಅವನೇ. ತನಗೆ ಶೀತವಾದ ದಿನ ಜಗಲಿಯಲ್ಲೇ ನಿಂತು ಕೈ ಬೀಸುತ್ತಿದ್ದ.

ಕಲಿಯಬೇಕಾದದ್ದು ನನಗೂ ಇತ್ತು. “ಇನ್ನೊಂದೇ ತುತ್ತು, ನನಗೋಸ್ಕರ” ಎಂದು ಪೀಡಿಸುತ್ತಿದ್ದೆ. ಒಂದು ದಿನ ಇವರು ತಟ್ಟೆ ಸರಿಸಿ, “ತಿನ್ನಬಾರದು ಅಂತ ಹಟವಲ್ಲ ಕಣೇ, ಇಳಿಯೋದಿಲ್ಲ” ಎಂದು ಕಣ್ಣೀರು ಹಾಕಿದರು. ಅಂದಿನಿಂದ ಬಲವಂತ ಬಿಟ್ಟೆ. ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಮೆತ್ತಗಿನ ಗಂಜಿ, ಬೇಳೆಕಟ್ಟು, ಮೊಸರನ್ನ ಮುಂದಿಡುತ್ತಿದ್ದೆ. ಒಗ್ಗರಣೆಯ ಘಾಟಿಗೆ ಇವರಿಗೆ ಹೊಟ್ಟೆ ತೊಳಸುತ್ತಿತ್ತು, ಅದನ್ನು ಹಿತ್ತಿಲ ಒಲೆಗೆ ಸಾಗಿಸಿದೆ. ಬೇಡವೆಂದ ದಿನ ತಟ್ಟೆ ತೆಗೆದಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದೆ. ರಾತ್ರಿ ಪಾಳಿಯನ್ನು ಮಗ ಸೊಸೆ ಹಂಚಿಕೊಂಡರು. ನೋಡಿಕೊಳ್ಳುವವರಿಗೂ ನಿದ್ದೆ ಬೇಕು, ಅದನ್ನು ಕೇಳಲು ನಾಚಿಕೆ ಬೇಡ.

ನಾಲ್ಕು ಸುತ್ತಿನ ನಂತರ ಗಡ್ಡೆ ಚಿಕ್ಕದಾಗಿತ್ತು. ಮನೆಯಲ್ಲಿ ಪಾಯಸ ಮಾಡಿದೆವು. ಹನ್ನೆರಡರ ನಂತರ, ಮಳೆಗಾಲದಲ್ಲಿ, ಮತ್ತೆ ಬೆಳೆದಿತ್ತು. ಬೇರೆ ಔಷಧಿಯ ಮಾತು ಬಂದಾಗ ಇವರು ಎಲ್ಲ ಕೇಳಿಸಿಕೊಂಡು, “ಸಾಕು, ಮನೆಯಲ್ಲಿರ್ತೇನೆ” ಎಂದರು. ನನಗೆ ಒಪ್ಪಿಗೆಯಿರಲಿಲ್ಲ. ಒಪ್ಪಿಕೊಳ್ಳಲು ಒಂದು ವಾರ ಬೇಕಾಯಿತು.

ಚಿಕಿತ್ಸೆ ನಿಂತರೂ ಆರೈಕೆ ನಿಲ್ಲಲಿಲ್ಲ. ನೋವಿಗೆ ಮಾರ್ಫಿನ್ ಮಾತ್ರೆ ಬಂತು. ಚಟವಾದೀತೇ ಎಂದು ನಾನು ಹೆದರಿದ್ದೆ. ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ ಎಂದು ಡಾಕ್ಟರು ತಿಳಿಸಿ ಹೇಳಿದರು. ನೋವಿಲ್ಲದ ಮಧ್ಯಾಹ್ನಗಳಲ್ಲಿ ಅಜ್ಜ ಮೊಮ್ಮಗ ಚೌಕಾಬಾರ ಆಡಿದರು.

ನವೆಂಬರಿನಲ್ಲಿ ಮೊದಲ ಅಡಿಕೆ ಗೊನೆ ಅಂಗಳಕ್ಕೆ ಬಂತು. ಇವರು ಕುರ್ಚಿಯಲ್ಲಿ ಕೂತು ನೋಡಿದರು. ಒಂಬತ್ತು ದಿನದ ಮೇಲೆ, ನಸುಕಿನಲ್ಲಿ, ನಮ್ಮೆಲ್ಲರ ಎದುರಿಗೇ ಹೋದರು.

ಅದಕ್ಕೆ ಮೊದಲು, ದಸರಾ ರಜೆಯ ಒಂದು ದಿನ, “ಐಸ್‌ಕ್ರೀಮ್ ತಿನ್ನಬೇಕು ಅನ್ನಿಸ್ತಿದೆ” ಎಂದಿದ್ದರು. ಕೀಮೋ ನಿಂತು ಎರಡು ತಿಂಗಳಾಗಿತ್ತು, ತಣ್ಣನೆಯದು ಈಗ ಚುಚ್ಚುತ್ತಿರಲಿಲ್ಲ. ಮೊಮ್ಮಗ ಸೈಕಲ್ಲಿನಲ್ಲಿ ಹೋಗಿ ತಂದ. ಅಜ್ಜ ಎರಡು ಚಮಚ ತಿಂದರು, ಉಳಿದದ್ದು ಅವನಿಗೆ. ಆಮೇಲೆ ಅವನು ಸ್ಕೆಚ್ ಪೆನ್ನು ತಂದು, ಚೀಟಿಯಲ್ಲಿದ್ದ ‘ಪ್ರವೇಶವಿಲ್ಲ’ವನ್ನು ಹೊಡೆದು, ಮೇಲೆ ‘ಪ್ರವೇಶವಿದೆ’ ಎಂದು ಬರೆದ.

ಆ ಚೀಟಿಯನ್ನು ನಾವು ಇನ್ನೂ ತೆಗೆದಿಲ್ಲ.